ಎಲ್ಲಾ ರಿಪೋರ್ಟ್ ನಾರ್ಮಲ್, ಆದರೂ ಕೈ ಯಾಕೆ ಉರಿಯುತ್ತದೆ?

ಮಣಿಕಟ್ಟಿನ ಮೂಳೆ ಮುರಿದಿತ್ತು. ಪಿಒಪಿ ಹಾಕಿಸಿದ್ದಾಯಿತು, ಆರು ವಾರಕ್ಕೆ ಬಿಚ್ಚಿಸಿದ್ದೂ ಆಯಿತು. ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿ ಕೂಡಿದೆ. ಆದರೆ ಕೈ ಕೆಂಪಗೆ ಊದಿಕೊಂಡಿದೆ, ಮುಟ್ಟಿದರೆ ಬಿಸಿ, ಬಟ್ಟೆ ತಾಕಿದರೂ ಜೀವ ಹೋಗುವಷ್ಟು ಉರಿ. ಮೈಯಲ್ಲಿ ಉರಿಯೂತ (ಕೆಂಪು, ಬಿಸಿ, ಊತ ತರುವ ಒಳಗಿನ ಕೆರಳಿಕೆ) ಇದೆಯಾ ಎಂದು ರಕ್ತ ಪರೀಕ್ಷೆ ಮಾಡಿಸಿದರೆ ಇಎಸ್‌ಆರ್ ನಾರ್ಮಲ್, ಸಿಆರ್‌ಪಿ ನಾರ್ಮಲ್, ಯೂರಿಕ್ ಆಸಿಡ್ ನಾರ್ಮಲ್. ಆಮೇಲೆ ಶುರುವಾಗುತ್ತದೆ ನೋಡಿ: "ರಿಪೋರ್ಟ್‌ನಲ್ಲಿ ಏನೂ ಇಲ್ಲ, ನೀವೇ ಸುಮ್ನೆ ಯೋಚನೆ ಜಾಸ್ತಿ ಮಾಡ್ತೀರ."

ಈ ಮಾತು ತಪ್ಪು. ಯಾಕೆ ತಪ್ಪು ಅನ್ನುವುದಕ್ಕೆ ಕಳೆದ ಇಪ್ಪತ್ತು ಇಪ್ಪತ್ತೈದು ವರ್ಷದಲ್ಲಿ ಒಳ್ಳೊಳ್ಳೆ ಸಂಶೋಧನೆ ಆಗಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಈ ತೊಂದರೆಯ ಹೆಸರು ಕಾಂಪ್ಲೆಕ್ಸ್ ರೀಜನಲ್ ಪೇಯ್ನ್ ಸಿಂಡ್ರೋಮ್. ಚಿಕ್ಕದಾಗಿ ಸಿಆರ್‌ಪಿಎಸ್. (ರಕ್ತದಲ್ಲಿ ನೋಡುವ ಸಿಆರ್‌ಪಿಗೂ ಇದಕ್ಕೂ ಸಂಬಂಧವಿಲ್ಲ. ಎರಡನ್ನೂ ಬೆರೆಸಿಕೊಂಡು "ಸಿಆರ್‌ಪಿ ನಾರ್ಮಲ್ ಬಂದಿದೆ, ಹಾಗಾದ್ರೆ ಆ ಕಾಯಿಲೆ ಇಲ್ಲ ಅಲ್ವಾ" ಎಂದು ಕೇಳುವವರು ಬಹಳ ಜನ.) ಏಟು, ಮೂಳೆ ಮುರಿತ, ಆಪರೇಷನ್, ಕೆಲವೊಮ್ಮೆ ಪಾರ್ಶ್ವವಾಯು ಆದ ಮೇಲೆ ಒಂದು ಕೈಯಲ್ಲೋ ಕಾಲಲ್ಲೋ ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಮೂರು ನಾಲ್ಕು ಪಟ್ಟು ಜಾಸ್ತಿ. ಕಾಲಿಗಿಂತ ಕೈಯಲ್ಲಿ ಜಾಸ್ತಿ. ಆಗಿರುವ ಏಟಿಗೂ ಅನುಭವಿಸುವ ನೋವಿಗೂ ತಾಳೆಯೇ ಆಗುವುದಿಲ್ಲ, ಅದೇ ಇದರ ಗುರುತು.

ನಾನು ಮೈಸೂರಿನಲ್ಲಿ ಫಿಸಿಯೋಥೆರಪಿ ಮಾಡುವವನು. ಮಂಡ್ಯ ಕಡೆಯಿಂದ ಬೆಳಗಿನ ರೈಲಿಗೆ ಬರುವ ರೋಗಿಗಳು ಬಹಳ. ಸಿಆರ್‌ಪಿಎಸ್ ಇರುವವರು ಬಾಗಿಲಲ್ಲಿ ಬರುವಾಗಲೇ ಅರ್ಧ ಗೊತ್ತಾಗಿಬಿಡುತ್ತದೆ. ಕೈಯನ್ನು ಎದೆಯ ಮುಂದೆ ಎತ್ತಿ ಹಿಡಿದುಕೊಂಡು, ಸೆರಗು ಕೂಡ ತಾಕದ ಹಾಗೆ ನಡೆದು ಬರುತ್ತಾರೆ. ಕೂತ ತಕ್ಷಣ ಮೇಲೆ ನೋಡಿ, "ಫ್ಯಾನ್ ಆಫ್ ಮಾಡಣ್ಣ, ಗಾಳಿ ತಾಕಿದ್ರೆ ಉರೀತದೆ" ಎನ್ನುತ್ತಾರೆ. ಎರಡೂ ಕೈಯನ್ನು ಮೇಜಿನ ಮೇಲೆ ಪಕ್ಕಪಕ್ಕ ಇಡಿಸಿ ನೋಡಿ. ನೋವಿರುವ ಕೈಯ ಬೆರಳ ಗೆಣ್ಣುಗಳ ಮೇಲೆ ಸುಕ್ಕೇ ಕಾಣುವುದಿಲ್ಲ, ಚರ್ಮ ಎಳೆದು ಕಟ್ಟಿದ ಹಾಗೆ ಮಿರಮಿರ ಹೊಳೆಯುತ್ತಿರುತ್ತದೆ. ಅಂಗೈ ಒಂದೇ ಕಡೆ ಬೆವರಿರುತ್ತದೆ. ಉಗುರು ಈ ಕೈಯಲ್ಲಿ ಒಂದು ಥರ, ಆ ಕೈಯಲ್ಲಿ ಇನ್ನೊಂದು ಥರ. ಮುಂಗೈ ಮೇಲಿನ ಕೂದಲು ಕೂಡ ಒಂದು ಕಡೆ ದಟ್ಟವಾಗಿರಬಹುದು. ಬಳೆ ಒಂದೇ ಕೈಯಲ್ಲಿ ಇರುತ್ತದೆ, ಇನ್ನೊಂದಕ್ಕೆ ಏರುವುದೇ ಇಲ್ಲ.

ಇಷ್ಟೆಲ್ಲ ಕಣ್ಣಿಗೆ ಕಾಣುವಾಗ "ಮನಸ್ಸಿನದು" ಅನ್ನುವುದು ಹೇಗೆ? ಅದನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಮೂಳೆ ಮುರಿದ 596 ಜನರ ಮನಸ್ಥಿತಿಯನ್ನು ಮೊದಲೇ ಅಳೆದಿಟ್ಟು, ಆಮೇಲೆ ಯಾರಿಗೆ ಸಿಆರ್‌ಪಿಎಸ್ ಬರುತ್ತದೆ ಅಂತ ಕಾದು ನೋಡಿದರು. 7 ಶೇಕಡಾ ಜನರಿಗೆ ಬಂತು. ಮೊದಲು ಅಳೆದ ಆತಂಕ, ಖಿನ್ನತೆ, ಸ್ವಭಾವ, ಇದ್ಯಾವುದರಿಂದಲೂ ಯಾರಿಗೆ ಬರುತ್ತದೆ ಎಂದು ಹೇಳಲು ಆಗಲಿಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನ ಇದು. ತಿಂಗಳುಗಟ್ಟಲೆ ನಿದ್ದೆಗೆಟ್ಟವರಿಗೆ ಬೇಜಾರು, ಭಯ ಬರುವುದು ಸಹಜ, ಅದು ನೋವನ್ನು ಹೆಚ್ಚಿಸುವುದೂ ನಿಜ. ಆದರೆ ಅದು ಆಮೇಲಿನ ಕಥೆ.

ಈ ಕಾಯಿಲೆಯಲ್ಲಿ ಉರಿಯೂತ ಇದೆ ಎಂದು ಮೊದಲು ಹೇಳಿದ್ದು ಇವತ್ತಿನವರಲ್ಲ. ಜರ್ಮನಿಯ ಹ್ಯಾಂಬರ್ಗ್‌ನ ಸರ್ಜನ್ ಪಾಲ್ ಸುಡೆಕ್ 1900ರಲ್ಲೇ ಹೇಳಿದ್ದರು. ಆಗ ಎಕ್ಸ್‌ರೇ ಬಂದು ಐದೇ ವರ್ಷ. ಏಟು ಬಿದ್ದ ಕೈಕಾಲಿನ ಮೂಳೆ ಅಲ್ಲಲ್ಲಿ ತೇಪೆ ತೇಪೆಯಾಗಿ ಸವೆಯುವುದನ್ನು ಅದರಲ್ಲಿ ಕಂಡು, ಇದು ಉರಿಯೂತದಿಂದ ಆಗುವ ಸವೆತ ಅಂತ ಬರೆದರು. ಹಳೆಯ ಮೂಳೆ ಡಾಕ್ಟರುಗಳು ಈಗಲೂ "ಸುಡೆಕ್ಸ್" ಅನ್ನುವುದು ಇದಕ್ಕೇ. ಅದಕ್ಕೂ ಮೊದಲು, 1860ರ ದಶಕದಲ್ಲಿ, ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರಲ್ಲಿ ಇಂಥದೇ ಉರಿಯನ್ನು ಸೈಲಸ್ ವಿಯರ್ ಮಿಚೆಲ್ ಎಂಬ ವೈದ್ಯರು ಗುರುತಿಸಿದ್ದರು. ಅದು ದೊಡ್ಡ ನರಕ್ಕೇ ಏಟು ಬಿದ್ದಾಗ ಬರುವ ಬಗೆ. ಇವತ್ತು ಅದನ್ನು ಎರಡನೇ ಬಗೆಯ ಸಿಆರ್‌ಪಿಎಸ್ ಅನ್ನುತ್ತಾರೆ.

ಸುಡೆಕ್ ಹೇಳಿದ್ದು ಮಾತ್ರ ಮೂಲೆಗೆ ಬಿತ್ತು. 1946ರ ಹೊತ್ತಿಗೆ, ಬೆವರು ಮತ್ತು ರಕ್ತನಾಳಗಳನ್ನು ನಡೆಸುವ ಸಿಂಪಥೆಟಿಕ್ ನರಗಳೇ ಕೆಟ್ಟಿವೆ ಅನ್ನುವ ವಾದ ಮೇಲಾಯಿತು, ಹೆಸರೂ ಅದೇ ಅರ್ಥದ್ದು ಬಂತು. ದಶಕಗಟ್ಟಲೆ ಆ ನರಗಳನ್ನು ಮರಗಟ್ಟಿಸುವ ಇಂಜೆಕ್ಷನ್ನೇ ಮುಖ್ಯ ಚಿಕಿತ್ಸೆ. ಕೆಲವರಿಗೆ ಆರಾಮಾಯಿತು, ಬಹಳ ಜನಕ್ಕೆ ಇಲ್ಲ. ಕೊನೆಗೆ 1994ರಲ್ಲಿ, ಕಾರಣ ಏನು ಎಂದು ಹೆಸರಲ್ಲೇ ತೀರ್ಪು ಕೊಡುವುದು ಬೇಡ ಅಂತ ಈಗಿನ ಹೆಸರು ಇಟ್ಟರು. ಈಗ ರೋಗ ಪತ್ತೆಗೆ ಬಳಸುವುದು ಬುಡಾಪೆಸ್ಟ್ ಮಾನದಂಡ. ನೋವಿನ ಜೊತೆ ಸ್ಪರ್ಶ, ಬಣ್ಣ ಮತ್ತು ಬಿಸಿ, ಊತ ಮತ್ತು ಬೆವರು, ಚಲನೆ ಮತ್ತು ಕೂದಲು ಉಗುರು, ಈ ನಾಲ್ಕು ಗುಂಪಿನಲ್ಲಿ ಎಷ್ಟರಲ್ಲಿ ಬದಲಾವಣೆ ಇದೆ ಎಂದು ಕೇಳಿ, ಕಣ್ಣಾರೆ ನೋಡಿ, ಬೇರೆ ಕಾಯಿಲೆಗಳನ್ನು ತಳ್ಳಿಹಾಕಿ ತೀರ್ಮಾನಿಸುತ್ತಾರೆ. ಇದೇ ಎಂದು ಸಾರಿ ಹೇಳುವ ರಕ್ತ ಪರೀಕ್ಷೆ ಒಂದೂ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಇಷ್ಟು ಕೆಂಪು, ಇಷ್ಟು ಬಿಸಿ, ಇಷ್ಟು ಊತ ಇದ್ದರೂ ರಕ್ತದಲ್ಲಿ ಯಾಕೆ ಏನೂ ಕಾಣುವುದಿಲ್ಲ?

ಇದಕ್ಕೆ ಒಳ್ಳೆಯ ಉತ್ತರ ಕೊಟ್ಟವರು ನೆದರ್‌ಲ್ಯಾಂಡ್ಸ್‌ನ ರೋಟರ್‌ಡ್ಯಾಮ್‌ನವರು, 2002ರಲ್ಲಿ. ಅವರು ಮಾಡಿದ್ದು ಸರಳ ಕೆಲಸ. ಚರ್ಮದ ಮೇಲೆ ಒಂದು ಸಣ್ಣ ಸಾಧನ ಇಟ್ಟು ಮೆಲ್ಲಗೆ ಗಾಳಿ ಎಳೆದರೆ ಅಲ್ಲೊಂದು ನೀರುಗುಳ್ಳೆ ಏಳುತ್ತದೆ. ನೋವಿರುವ ಕೈಕಾಲಿನ ಮೇಲೂ, ಅದೇ ರೋಗಿಯ ಚೆನ್ನಾಗಿರುವ ಕೈಕಾಲಿನ ಮೇಲೂ ಹಾಗೆ ಗುಳ್ಳೆ ಎಬ್ಬಿಸಿದರು. ಎರಡರ ನೀರನ್ನೂ ಸೂಜಿಯಲ್ಲಿ ತೆಗೆದು ಹೋಲಿಸಿ ನೋಡಿದರೆ, ನೋವಿರುವ ಕಡೆಯ ನೀರಿನಲ್ಲಿ ಟಿಎನ್‌ಎಫ್ ಆಲ್ಫಾ, ಐಎಲ್-6 ಎಂಬ ಎರಡು ರಾಸಾಯನಿಕಗಳು ಜಾಸ್ತಿ ಇದ್ದವು. ರೋಗನಿರೋಧಕ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಿಡುವ ಪದಾರ್ಥಗಳು ಇವು, ಸೈಟೊಕೈನ್ ಎಂದು ಕರೆಯುತ್ತಾರೆ. ಒಬ್ಬನೇ ಮನುಷ್ಯ, ಒಂದೇ ರಕ್ತ. ಆದರೆ ಎಡಗೈಯ ಚರ್ಮದಲ್ಲಿ ಒಂದು ಲೆಕ್ಕ, ಬಲಗೈಯಲ್ಲಿ ಬೇರೆ ಲೆಕ್ಕ. 2004ರಲ್ಲಿ ಅದೇ ತಂಡ ಗುಳ್ಳೆಯ ನೀರಿನಲ್ಲಿ ಟ್ರಿಪ್ಟೇಸ್ ಕೂಡ ಜಾಸ್ತಿ ಇರುವುದನ್ನು ತೋರಿಸಿತು. ಅಲರ್ಜಿಯಲ್ಲಿ ಕೆರಳುವ ಮಾಸ್ಟ್ ಕೋಶಗಳು ಬಿಡುವ ಪದಾರ್ಥ ಅದು.

ಅಂದರೆ ಊರಾಚೆ ಆಲೆಮನೆಯಲ್ಲಿ ಒಲೆ ಧಗಧಗ ಉರಿಯುತ್ತಿದೆ, ನಾವು ಹೋಗಿ ವಿ.ಸಿ. ನಾಲೆಯ ನೀರಿಗೆ ಥರ್ಮಾಮೀಟರ್ ಇಟ್ಟು "ತಣ್ಣಗಿದೆಯಲ್ಲ" ಅನ್ನುತ್ತಿದ್ದೇವೆ. ಇಎಸ್‌ಆರ್, ಸಿಆರ್‌ಪಿ ಇರುವುದು ಇಡೀ ದೇಹಕ್ಕೆ ಹಬ್ಬಿದ ಉರಿಯೂತವನ್ನು ಹಿಡಿಯಲು. ಒಂದು ಅಂಗೈ ಅಗಲದ ಗಲಾಟೆ ಅದಕ್ಕೆ ಸಿಗುವುದಿಲ್ಲ. ಹಾಗಂತ ಆ ಪರೀಕ್ಷೆ ದಂಡ ಅಲ್ಲ. ಕೀವು, ಸೋಂಕು, ಗೌಟ್, ಸಂಧಿವಾತ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಬೇಕೇ ಬೇಕು. "ಬೇರೆ ಕಾಯಿಲೆ ಇಲ್ಲ" ಅನ್ನುವುದನ್ನು "ಕಾಯಿಲೆಯೇ ಇಲ್ಲ" ಎಂದು ಓದಿಕೊಂಡರೆ ಕಷ್ಟ.

ಹಾಗಾದರೆ ಈ ಗಲಾಟೆಯನ್ನು ಶುರು ಮಾಡುವುದು ಯಾರು? ಕ್ರಿಮಿ ಏನೂ ಇಲ್ಲವಲ್ಲ. ಇಲ್ಲಿ ನರಗಳೇ ಕಿಡಿ ಹಚ್ಚುತ್ತವೆ. ನೋವಿನ ನರ ಅಂದರೆ ಸುದ್ದಿಯನ್ನು ಮೆದುಳಿನ ಕಡೆ ಕಳಿಸುವ ತಂತಿ ಅಷ್ಟೇ ಅಂತ ನಾವು ಅಂದುಕೊಂಡಿರುತ್ತೇವೆ. ಅದೇ ನರದ ತುದಿ ಚರ್ಮದ ಒಳಗೆ ಕೆಲವು ಪದಾರ್ಥಗಳನ್ನು ಸುರಿಯುತ್ತದೆ ಕೂಡ. ಸಿಜಿಆರ್‌ಪಿ ಅನ್ನುವುದು ರಕ್ತನಾಳವನ್ನು ಹಿಗ್ಗಿಸುತ್ತದೆ, ಅದರಿಂದ ಕೆಂಪು, ಬಿಸಿ. ಸಬ್‌ಸ್ಟೆನ್ಸ್ ಪಿ ಅನ್ನುವುದು ನಾಳದ ಗೋಡೆಯನ್ನು ಸೋರುವ ಹಾಗೆ ಮಾಡುತ್ತದೆ, ಅದರಿಂದ ಊತ. ಏಟು ಬಿದ್ದಾಗ ಎಲ್ಲರಲ್ಲೂ ಹೀಗೇ ಆಗುತ್ತದೆ, ಕೆಲಸ ಮುಗಿದ ಮೇಲೆ ಇವನ್ನು ಒಡೆದುಹಾಕುವ ಕಿಣ್ವಗಳೂ ನಮ್ಮಲ್ಲಿವೆ. ಸಿಆರ್‌ಪಿಎಸ್‌ನಲ್ಲಿ ಸುರಿಯುವುದು ನಿಲ್ಲುವುದಿಲ್ಲ, ಅಥವಾ ಸುರಿದದ್ದು ಬೇಗ ಖಾಲಿಯಾಗುವುದಿಲ್ಲ. ಚರ್ಮದ ಮೇಲ್ಪದರದ ಕೋಶಗಳು ಇದರಿಂದ ಕೆರಳಿ ಮತ್ತಷ್ಟು ಸೈಟೊಕೈನ್ ಬಿಡುತ್ತವೆ, ಅದು ನರವನ್ನು ಮತ್ತಷ್ಟು ಚುರುಕು ಮಾಡುತ್ತದೆ, ಚುರುಕಾದ ನರ ಮತ್ತಷ್ಟು ಸುರಿಯುತ್ತದೆ, ಹೀಗೆ ಒಂದನ್ನೊಂದು ಎತ್ತಿಕಟ್ಟುತ್ತಾ ಹೋಗುತ್ತವೆ. ಸೆರಗು ತಾಕಿದರೂ ಉರಿಯುವುದು ಈ ಚುರುಕಿನಿಂದ.

ಇದರಲ್ಲಿ ನನಗೆ ತುಂಬಾ ಕುತೂಹಲ ಅನಿಸಿದ್ದು ಜರ್ಮನಿಯವರ 2003ರ ಒಂದು ಪ್ರಯೋಗ. ಕೂದಲೆಳೆಯಂಥ ಕೊಳವೆಯಿಂದ ರೋಗಿಗಳ ಚರ್ಮದೊಳಕ್ಕೆ ಸಬ್‌ಸ್ಟೆನ್ಸ್ ಪಿ ಬಿಟ್ಟು, ನಾಳ ಎಷ್ಟು ಸೋರುತ್ತದೆ ಎಂದು ಅಳೆದರು. ಆರೋಗ್ಯವಂತರಿಗಿಂತ ರೋಗಿಗಳಲ್ಲಿ ಜಾಸ್ತಿ ಸೋರಿತು. ಅದು ಸರಿ. ಆದರೆ ನೋವೇ ಇಲ್ಲದ ಇನ್ನೊಂದು ಕಡೆಯಲ್ಲೂ ಜಾಸ್ತಿ ಸೋರಿತು! ಹಾಗಿದ್ದರೆ ಕೆಲವರ ದೇಹ ಮೊದಲಿನಿಂದಲೇ ಹೀಗೆ ಇರುತ್ತದಾ? ಅದಕ್ಕೇ ಒಂದೇ ಥರ ಮೂಳೆ ಮುರಿದರೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರುವುದಿಲ್ಲವಾ? ಇರಬಹುದು ಅನ್ನುವುದು ನನ್ನ ಅನಿಸಿಕೆ, ಅದಕ್ಕಿಂತ ಜೋರಾಗಿ ಹೇಳುವುದಿಲ್ಲ.

ಇದು ಮೊದಲ ಕೆಲವು ತಿಂಗಳ ಮಾತು. ದಿನ ಕಳೆದಂತೆ ಚಿತ್ರ ಬದಲಾಗುತ್ತದೆ. ಬಿಸಿಯಿದ್ದ ಕೈ ಬಹಳ ಜನರಲ್ಲಿ ತಣ್ಣಗಾಗುತ್ತದೆ, ಕೆಂಪು ಹೋಗಿ ನೀಲಿ ತಿರುಗುತ್ತದೆ, ಚರ್ಮ ತೆಳ್ಳಗಾಗುತ್ತದೆ, ಬೆರಳು ಮಡಚಲು ಬರುವುದಿಲ್ಲ. ಚರ್ಮದ ಸಣ್ಣ ಚೂರು ತೆಗೆದು ನೋಡಿದಾಗಲೂ ಹಾಗೇ ಕಂಡಿದೆ. ಹೊಸದರಲ್ಲಿ ಮಾಸ್ಟ್ ಕೋಶ ಜಾಸ್ತಿ, ಮೇಲ್ಪದರ ದಪ್ಪ. ಹಳೆಯದರಲ್ಲಿ ಆ ಗದ್ದಲ ಇಳಿದಿರುತ್ತದೆ. ನೋವು ಮಾತ್ರ ಇಳಿದಿರುವುದಿಲ್ಲ.

ಔಷಧಿಯ ವಿಷಯದಲ್ಲಿ ಈ ವ್ಯತ್ಯಾಸ ದೊಡ್ಡದು. ನಮ್ಮ ದೇಶದ್ದೇ ಅಧ್ಯಯನ ಒಂದಿದೆ. ಲಖನೌನ ಸಂಜಯ್ ಗಾಂಧಿ ಸ್ನಾತಕೋತ್ತರ ಸಂಸ್ಥೆಯವರು ಪಾರ್ಶ್ವವಾಯುವಿನ ನಂತರ ಸಿಆರ್‌ಪಿಎಸ್ ಬಂದ 60 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ, ಇನ್ನೊಂದಕ್ಕೆ ಪೈರಾಕ್ಸಿಕಾಮ್ ಎಂಬ ಮಾಮೂಲಿ ನೋವಿನ ಮಾತ್ರೆ ಕೊಟ್ಟರು. ಒಂದು ತಿಂಗಳಲ್ಲಿ ಸ್ಟೀರಾಯ್ಡ್ ಗುಂಪಿನ 83.3 ಶೇಕಡಾ ಜನ ಸುಧಾರಿಸಿದರು, ಇನ್ನೊಂದರಲ್ಲಿ 16.7 ಶೇಕಡಾ. 2006ರಲ್ಲಿ ಪ್ರಕಟವಾಯಿತು. ಉರಿಯೂತ ಜೋರಾಗಿರುವಾಗ ಉರಿಯೂತದ ಔಷಧಿ ಬಿದ್ದರೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇದು ಸಾಕ್ಷಿ. ವರ್ಷಗಟ್ಟಲೆ ಹಳೆಯದಾದ ಮೇಲೆ ಅದೇ ಸ್ಟೀರಾಯ್ಡ್‌ನಿಂದ ಇಂಥ ಫಲ ಸಿಕ್ಕಿಲ್ಲ.

ಹಾಗಾದರೆ ಹಳೆಯ ಸಿಆರ್‌ಪಿಎಸ್‌ನಲ್ಲಿ ನೋವನ್ನು ಹಿಡಿದಿಟ್ಟಿರುವುದು ಏನು? ಇಲ್ಲಿ ಸಂಶೋಧನೆ ರೋಗನಿರೋಧಕ ಶಕ್ತಿಯ ಇನ್ನೊಂದು ಕೈಯ ಕಡೆ ತಿರುಗಿದೆ, ಪ್ರತಿಕಾಯಗಳ ಕಡೆ. ಕ್ರಿಮಿಯನ್ನು ಗುರುತು ಹಿಡಿದು ಅಂಟಿಕೊಳ್ಳುವ ಪ್ರೋಟೀನು ಪ್ರತಿಕಾಯ. ಅದನ್ನು ತಯಾರಿಸುವುದು ಬಿ ಕೋಶಗಳು. ಕೆಲವೊಮ್ಮೆ ದಾರಿ ತಪ್ಪಿ ನಮ್ಮ ಮೈಯ ಭಾಗಗಳಿಗೇ ಅಂಟಿಕೊಳ್ಳುತ್ತವೆ. ಸಿಆರ್‌ಪಿಎಸ್ ಇರುವ ಕೆಲವರ ರಕ್ತದಲ್ಲಿ ಸಿಂಪಥೆಟಿಕ್ ನರಗಳಿಗೆ ಸಂಬಂಧಪಟ್ಟ ಗ್ರಾಹಿಗಳಿಗೆ (ಕೋಶದ ಮೇಲೆ ಸುದ್ದಿ ಹಿಡಿಯುವ ಪ್ರೋಟೀನುಗಳಿಗೆ) ಅಂಟುವ ಪ್ರತಿಕಾಯಗಳು ಸಿಕ್ಕಿವೆ, ಎಲ್ಲರಲ್ಲಿ ಅಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು ಇಲಿಗಳ ಕಾಲು ಮೂಳೆ ಮುರಿದು, ಕಟ್ಟು ಹಾಕಿ, ವಾರಗಳ ನಂತರ ಬಿಚ್ಚಿ ನೋಡುತ್ತಾರೆ. ಥೇಟ್ ಸಿಆರ್‌ಪಿಎಸ್ ಥರವೇ ಊತ, ಬಿಸಿ, ಮುಟ್ಟಿದರೆ ನೋವು. ಆದರೆ ಬಿ ಕೋಶಗಳೇ ಇಲ್ಲದ ಹಾಗೆ ಹುಟ್ಟಿದ ಇಲಿಗಳಲ್ಲಿ ನೋವು ಕಡಿಮೆ. ಅಂಥ ಇಲಿಗೆ, ಮೂಳೆ ಮುರಿದ ಮಾಮೂಲಿ ಇಲಿಯ ಪ್ರತಿಕಾಯ ಕೊಟ್ಟರೆ ನೋವು ವಾಪಸ್! ಇಂಗ್ಲೆಂಡಿನ ಲಿವರ್‌ಪೂಲ್ ಮತ್ತು ಹಂಗೇರಿಯ ಪೇಚ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಳೆಯ ಸಿಆರ್‌ಪಿಎಸ್ ಇರುವ ಮನುಷ್ಯರ ರಕ್ತದಿಂದ ಪ್ರತಿಕಾಯ ಬೇರ್ಪಡಿಸಿ, ಪಾದದಲ್ಲಿ ಸಣ್ಣ ಗಾಯ ಮಾಡಿದ ಇಲಿಗಳಿಗೆ ಚುಚ್ಚಿದರು. ಆರೋಗ್ಯವಂತರ ಪ್ರತಿಕಾಯ ಪಡೆದ ಇಲಿಗಳು ಬೇಗ ಚೇತರಿಸಿಕೊಂಡವು, ರೋಗಿಗಳ ಪ್ರತಿಕಾಯ ಪಡೆದವುಗಳಲ್ಲಿ ಊತವೂ ನೋವೂ ಹೋಗದೆ ಉಳಿದುಬಿಟ್ಟಿತು. ಗಮನಿಸಿ, ಗಾಯ ಮತ್ತು ಪ್ರತಿಕಾಯ ಎರಡೂ ಕೂಡಬೇಕಿತ್ತು. 2019ರಲ್ಲಿ ಅದೇ ತಂಡಗಳು, ಈ ನೋವು ಐಎಲ್-1 ಎಂಬ ಸೈಟೊಕೈನ್ ಮೂಲಕ ನಡೆಯುತ್ತದೆ, ಜೊತೆಗೆ ಬೆನ್ನುಹುರಿ ಮತ್ತು ಮೆದುಳಿನಲ್ಲಿ ನರಗಳ ಪಕ್ಕ ಇರುವ ಗ್ಲಿಯಾ ಕೋಶಗಳೂ ಕೆರಳುತ್ತವೆ ಎಂದು ತೋರಿಸಿದವು. ಐಎಲ್-1 ತಡೆಯುವ ಅನಾಕಿನ್ರಾ ಎಂಬ ಸಂಧಿವಾತದ ಔಷಧಿ ಕೊಟ್ಟಾಗ ಇಲಿಗಳ ನೋವು ಇಳಿಯಿತು. ಕೈ ಮೇಲಿಂದ ಉರಿಯೂತ ಮಾಯವಾದರೂ ನೋವು ಉಳಿಯುವುದು ಹೇಗೆ ಅನ್ನುವುದಕ್ಕೆ ಇದೊಂದು ಒಳ್ಳೆಯ ಸುಳಿವು.

ಇಲ್ಲಿಗೆ ಬಂದಾಗ ಎಲ್ಲರೂ ಕೇಳುವುದು, "ಹಂಗಾದ್ರೆ ಔಷಧಿ ಸಿಕ್ಕಿತು ಅಲ್ವಾ?" ಇಲ್ಲ. ಈ ಭಾಗವನ್ನು ವಾಟ್ಸಾಪ್‌ನಲ್ಲಿ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ತೆಗೆದ ಪ್ರತಿಕಾಯವನ್ನು ರಕ್ತನಾಳಕ್ಕೆ ಏರಿಸುವ ಐವಿಐಜಿ ಅಂತ ಒಂದು ಚಿಕಿತ್ಸೆ ಇದೆ. ತುಂಬಾ ದುಬಾರಿ. 2010ರಲ್ಲಿ 13 ರೋಗಿಗಳ ಪುಟ್ಟ ಪ್ರಯೋಗದಲ್ಲಿ ಅದು ನೋವನ್ನು ಇಳಿಸಿತ್ತು. ಎಲ್ಲರಿಗೂ ಆಸೆ ಹುಟ್ಟಿತು. ಅದೇ ಸಂಶೋಧಕರು ದೊಡ್ಡ ಪ್ರಯೋಗ ಮಾಡಿದರು, 111 ಜನ, ಒಂದರಿಂದ ಐದು ವರ್ಷ ಹಳೆಯ ನೋವು. 2017ರಲ್ಲಿ ಫಲಿತಾಂಶ ಬಂತು. ಕಡಿಮೆ ಡೋಸಿನ ಐವಿಐಜಿಗೂ, ಔಷಧಿಯೇ ಇಲ್ಲದ ನೆಪಮಾತ್ರದ ಡ್ರಿಪ್‌ಗೂ ಏನೂ ವ್ಯತ್ಯಾಸವಿಲ್ಲ. ತಾವೇ ಹುಟ್ಟಿಸಿದ ಆಸೆಯನ್ನು ತಾವೇ ಪರೀಕ್ಷಿಸಿ, ಆಗಲಿಲ್ಲ ಎಂದು ಬರೆದರಲ್ಲ, ಅದಕ್ಕೆ ನನ್ನದೊಂದು ನಮಸ್ಕಾರ. ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್‌ನ ಸಣ್ಣ ಪ್ರಯೋಗವೂ ಫಲ ಕೊಡಲಿಲ್ಲ, ಅರ್ಧಕ್ಕೆ ನಿಂತಿತು. ಲೆನಾಲಿಡೊಮೈಡ್ ಎಂಬ ಇನ್ನೊಂದು ಔಷಧಿಯನ್ನು 184 ಜನರಲ್ಲಿ ನೋಡಿದರು, ಅದೂ ಆಗಲಿಲ್ಲ.

ಇದರಿಂದ ಉರಿಯೂತದ ವಾದವೇ ಸುಳ್ಳು ಅನ್ನಬೇಕಾ? ನನಗೆ ಹಾಗನ್ನಿಸುವುದಿಲ್ಲ. ಎರಡು ತಿಂಗಳ ಬಿಸಿ ಕೈಯನ್ನೂ ನಾಲ್ಕು ವರ್ಷದ ತಣ್ಣನೆ ಕೈಯನ್ನೂ ಒಂದೇ ಹೆಸರಿನಡಿ ಸೇರಿಸಿ ಒಂದೇ ಔಷಧಿ ಕೊಟ್ಟರೆ, ಕೆಲವರಿಗೆ ಆದ ಒಳ್ಳೆಯದೂ ಸರಾಸರಿಯಲ್ಲಿ ಮುಳುಗಿಹೋಗುತ್ತದೆ. ಯಾರಲ್ಲಿ ಪ್ರತಿಕಾಯದ ಕೆಲಸ, ಯಾರಲ್ಲಿ ಚರ್ಮದ ಉರಿಯೂತ, ಯಾರಲ್ಲಿ ಬರೀ ನರಮಂಡಲದ ಚುರುಕು ಉಳಿದಿದೆ ಎಂದು ಬೇರ್ಪಡಿಸುವ ಪರೀಕ್ಷೆ ಬರುವವರೆಗೂ ಈ ಪ್ರಯೋಗಗಳು ಕತ್ತಲಲ್ಲಿ ಕಲ್ಲು ಹೊಡೆದ ಹಾಗೇ.

ಸದ್ಯಕ್ಕೆ ನಮ್ಮ ಕೈಲಿರುವುದು ಬೇಗ ಗುರುತಿಸುವುದು. ಮಣಿಕಟ್ಟು ಮುರಿದ 1,549 ಜನರನ್ನು ಗಮನಿಸಿದ 2014ರ ಅಧ್ಯಯನದಲ್ಲಿ, ಮೊದಲ ವಾರದಲ್ಲೇ ನೋವು ಹತ್ತಕ್ಕೆ ಐದು ಅಥವಾ ಅದಕ್ಕಿಂತ ಜಾಸ್ತಿ ಇದ್ದವರಿಗೆ ಸಿಆರ್‌ಪಿಎಸ್ ಬರುವ ಸಾಧ್ಯತೆ ಹೆಚ್ಚಿತ್ತು. ಹಾಗಾಗಿ ಪಿಒಪಿ ಒಳಗೆ ನೋವು ದಿನೇದಿನೇ ಏರುತ್ತಿದ್ದರೆ, ಬೆರಳು ಊದಿ ನೀಲಿಯಾಗುತ್ತಿದ್ದರೆ, "ಮೂಳೆ ಮುರಿದ ಮೇಲೆ ನೋವಿರಲ್ವಾ, ತಡ್ಕೊಳ್ಳಿ" ಅಂತ ಕೂರಬೇಡಿ. ಕಟ್ಟು ಬಿಗಿಯಾಗಿರಬಹುದು, ಅವತ್ತೇ ತೋರಿಸಿ. ಪುತ್ತೂರು ಕಟ್ಟು ಹಾಕಿಸಿಕೊಂಡವರಿಗೂ ಇದೇ ಮಾತು. ಕಟ್ಟಿನಿಂದ ಹೊರಗಿರುವ ಬೆರಳು, ಮೊಣಕೈ, ಭುಜವನ್ನು ಮೊದಲ ದಿನದಿಂದಲೇ ಆಡಿಸುತ್ತಿರಿ.

ಕಟ್ಟು ಬಿಚ್ಚಿದ ಮೇಲೆ ಈ ಲಕ್ಷಣ ಕಂಡರೆ, ಕೈಯನ್ನು ಜೋಳಿಗೆಯಲ್ಲಿ ಹಾಕಿ ಕಾಪಾಡಿದಷ್ಟೂ ಕೆಡುತ್ತದೆ. ಹಾಗಂತ ಎಣ್ಣೆ ಹಚ್ಚಿ ಹಿಡಿದು ತಿರುಚಿಸುವುದೂ ಬೇಡ, ಐಸ್ ನೀರಿನಲ್ಲಿ ಮುಳುಗಿಸುವುದೂ ಬೇಡ. ಮೆತ್ತನೆ ಬಟ್ಟೆಯಿಂದ ಸವರುವುದು, ಆಮೇಲೆ ಒರಟು ಬಟ್ಟೆ, ಎರಡು ಕೈಗಳ ನಡುವೆ ಕನ್ನಡಿ ನಿಲ್ಲಿಸಿ, ಚೆನ್ನಾಗಿರುವ ಕೈ ಆಡುವುದನ್ನು ಅದರಲ್ಲಿ ನೋಡುವುದು, ಚಪಾತಿ ಹಿಟ್ಟು ನಾದುವಂಥ ಮನೆಗೆಲಸಕ್ಕೆ ಮೆಲ್ಲಗೆ ಕೈ ಹಾಕುವುದು, ಇದೇ ನಾವು ಮಾಡಿಸುವುದು. ಮೂಳೆ ಡಾಕ್ಟರ ಜೊತೆ ನೋವು ತಜ್ಞರನ್ನೂ ಒಮ್ಮೆ ಕಾಣುವುದು ಒಳ್ಳೆಯದು. "ಇದು ಸಿಆರ್‌ಪಿಎಸ್ ಇರಬಹುದಾ?" ಎಂದು ನೀವೇ ಬಾಯಿಬಿಟ್ಟು ಕೇಳಿ, ಯಾವ ಡಾಕ್ಟರೂ ಬೇಜಾರು ಮಾಡಿಕೊಳ್ಳಬಾರದ ಪ್ರಶ್ನೆ ಅದು.

ವಿಟಮಿನ್ ಸಿ ಬಗ್ಗೆ ತುಂಬಾ ಜನ ಕೇಳುತ್ತಾರೆ. 1999ರಲ್ಲಿ ಡಚ್ಚರ ಅಧ್ಯಯನದಲ್ಲಿ ಮಣಿಕಟ್ಟು ಮುರಿದ ಕೂಡಲೇ ದಿನಕ್ಕೆ 500 ಮಿಲಿಗ್ರಾಂ ವಿಟಮಿನ್ ಸಿ ತಗೊಂಡವರಲ್ಲಿ 7 ಶೇಕಡಾ, ತಗೊಳ್ಳದವರಲ್ಲಿ 22 ಶೇಕಡಾ ಜನರಿಗೆ ಈ ತೊಂದರೆ ಬಂದಿತ್ತು. 2014ರಲ್ಲಿ 336 ಜನರ ಮೇಲೆ ಮಾಡಿದ ಇನ್ನೊಂದು ಅಧ್ಯಯನದಲ್ಲಿ ಅಂಥ ಲಾಭ ಕಾಣಲಿಲ್ಲ. ಹಾಗಾಗಿ ಇದಿನ್ನೂ ತೀರ್ಮಾನವಾಗದ ವಿಷಯ. ಕಿಡ್ನಿ ಕಲ್ಲಿನ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ತಗೊಳ್ಳಬೇಡಿ.

ಸ್ಟೀರಾಯ್ಡ್ ವಿಷಯ ಹಾಗಲ್ಲ. ಮೇಲಿನ ಲಖನೌ ಅಧ್ಯಯನ ಓದಿ ಯಾರಾದರೂ ಮೆಡಿಕಲ್ ಸ್ಟೋರಿಗೆ ಹೋಗಿ ಪ್ರೆಡ್ನಿಸೊಲೋನ್ ಕೇಳಿಬಿಟ್ಟರೆ ಅನ್ನುವುದೇ ನನ್ನ ಭಯ. ಸಕ್ಕರೆ ಕಾಯಿಲೆ ಇದ್ದವರಿಗೆ ಶುಗರ್ ಸರ್ರನೆ ಏರುತ್ತದೆ, ಬಿಪಿಯೂ ಹಾಗೇ. ತಗೊಳ್ಳುತ್ತಿರುವ ಮಾತ್ರೆಯನ್ನು ಇದ್ದಕ್ಕಿದ್ದಂತೆ ನಿಲ್ಲಿಸುವುದೂ ಅಪಾಯ. ಲಖನೌನಲ್ಲಿ ಕೂಡ ಡೋಸನ್ನು ವಾರ ವಾರ ಇಳಿಸುತ್ತಾ ನಿಲ್ಲಿಸಿದ್ದರು. ಡಾಕ್ಟರು ಬರೆದುಕೊಟ್ಟರೆ, ಎಷ್ಟು ದಿನ, ಹೇಗೆ ಇಳಿಸಬೇಕು ಅನ್ನುವುದನ್ನು ಅದೇ ಚೀಟಿಯ ಮೇಲೆ ಬರೆಸಿಕೊಂಡು ಬನ್ನಿ.